ಅರ್ಧ ಅಡಿ

ಸುರಪುರದಲ್ಲಿ ನಾವು ವಾಲಿಬಾಲ್ ಕಲಿತ ಅಂಕಣಕ್ಕೆ ಡುಬ್ಬ ಇತ್ತು. ನೆಟ್ಟಿನ ಕೆಳಗೆ ನಾಲ್ಕು ಬೆರಳು ಎತ್ತರ, ಅಲ್ಲಿಂದ ಎರಡೂ ಕಡೆ ಇಳಿಜಾರು. ಕೈಬಿಟ್ಟ ಚೆಂಡು ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಜಾಲಿಗಿಡದ ಬುಡದಲ್ಲಿ ನಿಲ್ಲುತ್ತಿತ್ತು. ಎಲ್ಲ ಊರಿನ ಅಂಕಣಗಳೂ ಹೀಗೇ ಇರುತ್ತವೆ ಎಂದು ಒಂಬತ್ತನೇ ಕ್ಲಾಸಿನವರೆಗೆ ನಂಬಿದ್ದೆ.

ಅದನ್ನು ಮಾಡಿದವರು ಗ್ಯಾಂಗ್ ಕಾಕಾ. ಪಿಡಬ್ಲ್ಯುಡಿಯ ರಸ್ತೆ ಗ್ಯಾಂಗಿನಲ್ಲಿದ್ದವರು. ಅವರಿಗೊಂದು ಹೆಸರಿದೆ ಎಂದು ಗೊತ್ತಾದದ್ದೇ ರಿಟೈರ್ ಆದ ದಿನ, ಹಾರ ಹಾಕಿ ಭಾಷಣ ಮಾಡುವಾಗ. ಅದನ್ನು ಇಲ್ಲಿ ಬರೆದರೆ ನಮ್ಮ ಓಣಿಯವರಿಗೇ ಗುರುತು ಹತ್ತಲಿಕ್ಕಿಲ್ಲ. ರಸ್ತೆ ಮಾಡಿದ ಕೈಗೆ ಸಪಾಟು ನೆಲ ಕಂಡರೆ ಆಗುತ್ತಿರಲಿಲ್ಲ. "ನೀರ್ ನಿಂತ್ರ ಡಾಂಬರೂ ಉಳಿಯಂಗಿಲ್ಲ, ನಿಮ್ ಮೊಣಕಾಲೂ ಉಳಿಯಂಗಿಲ್ಲ" ಎನ್ನುತ್ತಿದ್ದರು. ಮೈದಾನಕ್ಕೆ ಹಾಕಿದ ಮುರ್ರಂನಲ್ಲಿ ಸರ್ಕಾರದ್ದು ಒಂದು ಬುಟ್ಟಿಯೂ ಇರಲಿಲ್ಲ. ಹಾದಿಯಲ್ಲಿ ಸಿಕ್ಕ ಟ್ರ್ಯಾಕ್ಟರುಗಳನ್ನು ನಿಲ್ಲಿಸಿ, ಕೈಮುಗಿದು, ಚಾ ಕುಡಿಸಿ ತರಿಸಿದ್ದು.

ನಮ್ಮ ಸೀಮೆಯಲ್ಲಿ ರಸ್ತೆ ಮಾಡುವುದೆಂದರೆ ಯರಿ ಮಣ್ಣಿನ ಜೊತೆ ಜಗಳ. ಬ್ಯಾಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಸುರಪುರದಿಂದ ಹತ್ತಿಗುಡೂರ, ಭೀಮರಾಯನಗುಡಿ ದಾಟಿ ಶಹಾಪುರ, ಅಲ್ಲಿಂದ ಭೀಮಾ ನದಿ ದಾಟಿ ಯಾದಗಿರಿ. ಈ ಹಾದಿಯ ಮೇಲೆ ಡಾಂಬರು ಎಷ್ಟು ಸಲ ಬಿದ್ದರೂ ಕೆಳಗಿನ ಮಣ್ಣು ತನ್ನ ಹಟ ಬಿಟ್ಟಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲಂತೂ ಜೋಳದ ಹೊಲಗಳು ಭತ್ತದ ಗದ್ದೆಯಾಗಿ, ರಸ್ತೆಯ ಪಕ್ಕ ವರ್ಷವಿಡೀ ತೇವ. ಕಾಕಾ ಗುಂಡಿ ಮುಚ್ಚುವುದನ್ನು ನಾನು ನಿಂತು ನೋಡಿದ್ದೇನೆ. ಗುಂಡಿ ದುಂಡಗಿದ್ದರೆ ಮೊದಲು ಹಾರೆ ಹಾಕಿ ಅದನ್ನು ಚೌಕ ಮಾಡುತ್ತಿದ್ದರು. ಇದ್ದ ಗುಂಡಿಯನ್ನು ಇನ್ನಷ್ಟು ದೊಡ್ಡದು ಮಾಡುವುದು ಎಂಥ ಶಾಣ್ಯಾತನ ಎಂದು ನಮಗೆ ನಗು. ಅಂಚು ನೆಟ್ಟಗೆ ಕಡಿಯದಿದ್ದರೆ ಹಾಕಿದ ಕಡಿ ಹಿಡಿದುಕೊಳ್ಳುವುದಿಲ್ಲ, ಗಾಲಿ ಹಾಯ್ದಂತೆ ಕಿತ್ತು ಬರುತ್ತದೆ. ಆಮೇಲೆ ಪೊರಕೆಯಿಂದ ಧೂಳು ಗುಡಿಸಿ, ಬಿಸಿ ಡಾಂಬರು ಸುರಿದು, ಕಡಿ ತುಂಬಿ, ದಮ್ಮಸು ಹಾಕುವುದು. ಬಿದ್ದು ಮೊಣಕಾಲು ಕೆತ್ತಿಕೊಂಡ ಹುಡುಗರ ಗಾಯವನ್ನೂ ಅವರು ಇದೇ ಕ್ರಮದಲ್ಲಿ ತೊಳೆಯುತ್ತಿದ್ದರು; ಪುಣ್ಯಕ್ಕೆ ಚೌಕ ಮಾಡುತ್ತಿರಲಿಲ್ಲ.

ಸೇರಿದ್ದು ಯಾವಾಗ ಎಂದರೆ "ನಾರಾಯಣಪುರ ಡ್ಯಾಮ್ ಮುಗಿದ ವರ್ಷ" ಎನ್ನುತ್ತಿದ್ದರು. ಅಂದರೆ 1982. ಎಂಟು ವರ್ಷ ಮಸ್ಟರ್ ರೋಲಿನ ದಿನಗೂಲಿ. 1990ರ ಫೆಬ್ರುವರಿಯಲ್ಲಿ, ಧಾರವಾಡ ಜಿಲ್ಲೆಯ ಪಿಡಬ್ಲ್ಯುಡಿ ದಿನಗೂಲಿ ನೌಕರರ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಬಂತು. 1984ರ ಜುಲೈ 1ರೊಳಗೆ ಸೇರಿದವರಿಗೆ ತಿಂಗಳ ಪಗಾರ, ಹತ್ತು ವರ್ಷ ಮುಗಿಸಿದವರಿಗೆ ಹಂತ ಹಂತವಾಗಿ ಕಾಯಂ. ಆ ತೀರ್ಪಿನ ಸುದ್ದಿ ಇದ್ದ ಪೇಪರಿನ ತುಂಡು ಅವರ ಅಂಗಿಯ ಕಿಸೆಯಲ್ಲಿ ಮಡಿಕೆ ಹರಿಯುವವರೆಗೂ ಇತ್ತು. ಮೊದಲ ತಿಂಗಳ ಪಗಾರದಲ್ಲಿ ನಮಗೊಂದು ಹೊಸ ನೆಟ್ ತಂದರು. ಅಲ್ಲಿಯವರೆಗೆ ನಾವು ಆಡುತ್ತಿದ್ದದ್ದು ಹರಿದ ಮೀನಿನ ಬಲೆ ಕಟ್ಟಿ. ಕಾಕಿ ಮೂರು ದಿನ ಮಾತು ಬಿಟ್ಟರಂತೆ.

ನಮ್ಮ ಊರಿಗೆ ಇನ್ನೊಬ್ಬ ರಸ್ತೆಯ ಮನುಷ್ಯ ಇದ್ದ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್. ನಿಜಾಮರ ನೌಕರಿಯಲ್ಲಿದ್ದು, ಸರ್ವೆ ಕೆಲಸವನ್ನು ತಾನೇ ಕಲಿತವನು. 1839ರಲ್ಲಿ ಠಗ್ಗರ ಮೇಲೆ ಕಾದಂಬರಿ ಬರೆದು ಹೆಸರು ಮಾಡಿದವನು. 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡು, ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ. ಶಹಾಪುರ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲಾಗಿ ಇಟ್ಟ ಆದಿಕಾಲದ ಕಲ್ಲುಗಳ ಬಗ್ಗೆ ಹೊರಗಿನವರಿಗೆ ತಿಳಿಸಿದವನೂ ಅವನೇ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಆ ಹುಡುಗ 1858ರ ದಂಗೆಯಲ್ಲಿ ಸಿಕ್ಕಿಬಿದ್ದು, ಶಿಕ್ಷೆಗೆ ಒಯ್ಯುವ ಹಾದಿಯಲ್ಲಿ ಗುಂಡಿಗೆ ಬಲಿಯಾದ. ಕಾಕಾಗೆ ಈ ಕಥೆ ಪೂರಾ ಗೊತ್ತಿತ್ತು. ಕೇಳಿದವರಿಗೆ ಹೇಳಿ ಕೊನೆಗೆ, "ಸಾಯೇಬ್ರು ಹುಡುಗಗ ಲೆಕ್ಕಪತ್ರ ಎಲ್ಲಾ ಕಲಿಸಿದ್ರು, ಒಂದೀಟು ಆಟ ಕಲಿಸ್ಬೇಕಿತ್ತು. ಸೋತು ಮನೀಗ್ ಬರೋದು ಹೆಂಗಂತ ಗೊತ್ತಾಗ್ತಿತ್ತು" ಎನ್ನುತ್ತಿದ್ದರು. ಇತಿಹಾಸಕಾರರು ಒಪ್ಪಲಿಕ್ಕಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿಲ್ಲ.

ಸೋತು ಮನೆಗೆ ಬರುವುದನ್ನು ನಾವಂತೂ ಚೆನ್ನಾಗಿ ಕಲಿತೆವು. ಶಹಾಪುರದಲ್ಲಿ ಪಂದ್ಯ. ಎದುರಿಗೆ ಮಲಗಿದ ಬುದ್ಧನ ಗುಡ್ಡ, ಕಾಲ ಕೆಳಗೆ ಡುಬ್ಬವಿಲ್ಲದ ಸಪಾಟು ನೆಲ; ಅದೇ ನಮಗೆ ಅರ್ಧ ಎದೆ ಒಡೆಸಿತ್ತು. ಆಗ ಸೆಟ್ಟಿಗೆ 15 ಅಂಕ, ಸರ್ವಿಸ್ ನಮ್ಮದಿದ್ದಾಗ ಮಾತ್ರ ಅಂಕ. ನಮ್ಮ ಹುಡುಗರ ಗಟ್ಟಿ ಸರ್ವಿಸುಗಳೆಲ್ಲ ಹಿಂದಿನ ಗೆರೆಯಿಂದ ಗೇಣಿನೊಳಗೇ ಆಚೆ ಬೀಳತೊಡಗಿದವು. ಗೆರೆ ಕಾಯುವವನ ಬಾವುಟ ಇಳಿಯಲೇ ಇಲ್ಲ. ಎರಡೂ ಸೆಟ್ ಹೋದ ಮೇಲೆ ಕಾಕಾ ಕಿಸೆಯಿಂದ ಟೇಪ್ ತೆಗೆದು, ಖಾಲಿ ಅಂಕಣವನ್ನು ಅಳೆದರು. ಒಂದು ಸಲ. ಬಗ್ಗಿ ಇನ್ನೊಂದು ಸಲ. ಅದು 18 ಮೀಟರ್, ಅಂದರೆ 59 ಅಡಿ ಮತ್ತು ಕೂದಲೆಳೆ. ನಮ್ಮ ಅಂಕಣಕ್ಕೆ ಅವರು ಹಾಕಿದ್ದು 60 ಅಡಿ. ರಸ್ತೆಯವರಿಗೆ ಲೆಕ್ಕವೆಲ್ಲ ಅಡಿಯಲ್ಲೇ. ಎರಡು ತುದಿಗೂ ಅರ್ಧರ್ಧ ಅಡಿ ಹೆಚ್ಚು.

ವಾಪಸ್ ಬರುವಾಗ ಹತ್ತಿಗುಡೂರ ಕ್ರಾಸಿನಲ್ಲಿ ಬಸ್ ನಿಂತಿತು. ನಾವು ಸೋಲನ್ನು ಮರೆತು ಒಗ್ಗರಣಿ-ಮಿರ್ಚಿ ತಿಂದೆವು. ಕಾಕಾ ಕಿಟಕಿ ಪಕ್ಕ ಕುಳಿತು ಟೇಪನ್ನು ಎಳೆಯುತ್ತ, ಬಿಡುತ್ತ ಇದ್ದರು. ಮರುದಿನ ಬೆಳಗ್ಗೆ ನಾವು ಏಳುವ ಮೊದಲೇ ಹೊಸ ಸುಣ್ಣದ ಗೆರೆ ಬಿದ್ದಿತ್ತು.

2009ರ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆಯಾಯಿತು. ಜಿಲ್ಲಾ ಮಟ್ಟದ ಆಟಕ್ಕೆ ಗುಲ್ಬರ್ಗಾ ತನಕ ಹುಡುಗರನ್ನು ಕರೆದೊಯ್ಯುವುದು ತಪ್ಪಿತು. "ಬಸ್ ಚಾರ್ಜ್ ಉಳೀತಲ್ಲಪಾ" ಎಂದದ್ದಷ್ಟೇ ಅವರ ಅಭಿಪ್ರಾಯ. ರಿಟೈರ್ ಆದ ಮೇಲೂ ಸಂಜೆ ಐದಕ್ಕೆ ಮೈದಾನದಲ್ಲಿ ಇರುತ್ತಿದ್ದರು. ಈಗ ಅವರಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅತ್ತ ಹಾಯ್ದೆ. ಗೆರೆ ಹೊಸದಾಗಿತ್ತು, 18 ಮೀಟರೇ ಇರಬೇಕು. ಡುಬ್ಬ ಮಾತ್ರ ಹಾಗೇ ಇದೆ. ಕಾಕಾ ಅಂದು ಗೆರೆ ಬದಲಿಸಿದರೇ ಹೊರತು ಮೂಲೆಗೆ ಹೊಡೆದಿದ್ದ ಹಳೆಯ ಕಬ್ಬಿಣದ ಗೂಟ ಕಿತ್ತಿರಲಿಲ್ಲ. ಅದು ಗೆರೆಯಿಂದ ಅರ್ಧ ಅಡಿ ಹಿಂದೆ, ನೆಲದ ಮಟ್ಟಕ್ಕೆ ಸವೆದು ಹೊಳೆಯುತ್ತಿತ್ತು. ಸರ್ವಿಸ್ ಮಾಡುವ ಸರದಿ ಬಂದ ಹುಡುಗಿಯೊಬ್ಬಳು ಕೆಳಗೆ ನೋಡದೆಯೇ ಹಿಂದೆ ಸರಿದು, ಹಿಮ್ಮಡಿಯಿಂದ ಅದನ್ನು ತಡವಿ ಹುಡುಕಿ, ಅದರ ಮೇಲೆ ಕಾಲೂರಿ ಚೆಂಡು ಎಸೆದಳು.