ಮರುಭೂಮಿಯಲ್ಲಿ ಮಕ್ಕಳ ಹೆಜ್ಜೆ

ಎಳೆಯ ಮಕ್ಕಳನ್ನು ಕಟ್ಟಿಕೊಂಡು ಮರುಭೂಮಿಯ ಪ್ರವಾಸಕ್ಕೆ ಹೊರಡುವವರೂ ಉಂಟೇ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಕೂಸಿಗೆ ಬೇಕಾದುದು ನೆರಳು, ನೀರು, ನೆಮ್ಮದಿಯ ನಿದ್ರೆ. ಮರುಭೂಮಿಯಲ್ಲಿ ದುರ್ಲಭವಾದುವೂ ಈ ಮೂರೇ. ಆದರೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ, ಬೆನ್ನಿಗೆ ಕೂಸನ್ನು ಬಿಗಿದುಕೊಂಡ ತಂದೆಯರೂ ಪುಟ್ಟ ಕೈಗಳನ್ನು ಹಿಡಿದು ನಡೆಸುವ ತಾಯಂದಿರೂ ಅಲ್ಲಿನ ಮರುಭೂಮಿಗಳಲ್ಲಿ ಕಾಣಸಿಗುತ್ತಾರೆ. 1994ರ ಅಕ್ಟೋಬರ್ 31ರಂದು ಜಾರಿಗೆ ಬಂದ ಒಂದೇ ಕಾಯಿದೆಯಿಂದ ಜೋಷುವಾ ಟ್ರೀ, ಡೆತ್ ವ್ಯಾಲಿಗಳೆರಡೂ ರಾಷ್ಟ್ರೀಯ ಉದ್ಯಾನಗಳಾದುವು. ಅವೆರಡರ ನಡುವಣ ಮೊಹಾವೀ ಪ್ರದೇಶವೂ ಸಂರಕ್ಷಿತ ಭೂಮಿಯಾಯಿತು. ಈ ಮೂರನ್ನೂ ಕಾರಿನಲ್ಲಿ ಸುತ್ತಿ ಬರುವುದು ಲಾಸ್ ಏಂಜಲೀಸಿನವರಿಗೆ ನಾಲ್ಕೈದು ದಿನಗಳ ಮಾತು.

ಒಂದು ಫೆಬ್ರವರಿಯ ಮುಂಜಾನೆ ಆ ನಗರದಿಂದ ಹಾಗೆ ಹೊರಟ ಕುಟುಂಬದಲ್ಲಿ ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ ಇದ್ದರು. ಗಂಡ ನೋಡಬೇಕಾದ ಒಂಬತ್ತು ಸ್ಥಳಗಳ ಪಟ್ಟಿಯನ್ನು ಬರೆದಿಟ್ಟುಕೊಂಡಿದ್ದ. ಹೆಂಡತಿ ಅದನ್ನು ಓದಿ, "ಪಟ್ಟಿ ನಿಮ್ಮದೇ ಇರಲಿ. ಯಾವುದನ್ನು ಬಿಡಬೇಕೆಂಬುದನ್ನು ಮಾತ್ರ ಮಕ್ಕಳು ಹೇಳುತ್ತಾರೆ" ಎಂದು ನಕ್ಕು ಮಡಿಸಿಟ್ಟಳು. ಕಾರಿನ ಹಿಂಭಾಗದಲ್ಲಿ ಹೆಚ್ಚು ಜಾಗವನ್ನು ಆಕ್ರಮಿಸಿದ್ದುದು ನೀರು. ಆಳೊಂದಕ್ಕೆ ದಿನಕ್ಕೆ ಸುಮಾರು 4 ಲೀಟರು ಬೇಕೆಂಬುದು ಅಲ್ಲಿನ ನಿಯಮ. ಕಾರು ಕೆಟ್ಟು ನಿಂತರೆಂದು ಇನ್ನೂ ಒಂದಿಷ್ಟು. ಮೊಬೈಲಿಗೆ ಸಂಕೇತ ಸಿಗದ ದಾರಿಯಾದ್ದರಿಂದ ಕಾಗದದ ಭೂಪಟವೂ ಇತ್ತು. ಅದರೊಡನೆ ಒಂದು ಸಾಧಾರಣ ಬಾಚಣಿಗೆ.

ಬಾಚಣಿಗೆ ಏಕೆಂಬುದು ಜೋಷುವಾ ಟ್ರೀಯಲ್ಲಿ ತಿಳಿಯಿತು. ಅಲ್ಲಿ ಚೋಯಾ ಎಂಬ ಪಾಪಾಸುಕಳ್ಳಿಯ ತೋಪೊಂದಿದೆ. ಬಿಸಿಲು ಓರೆಯಾಗಿ ಬಿದ್ದಾಗ ಗಿಡವೆಲ್ಲ ಹೊಂಬಣ್ಣದ ತುಪ್ಪಳ ಹೊದ್ದ ಮರಿಕರಡಿಯಂತೆ ಕಾಣುತ್ತದೆ. ಮುಟ್ಟಿದರೆ ಮಾತ್ರ ಅದರ ಕೊಂಬೆಯ ತುಂಡು ಕಳಚಿ ಕೈಗೆ ಕಚ್ಚಿಕೊಳ್ಳುತ್ತದೆ. ಬೆರಳಿನಿಂದ ಕಿತ್ತರೆ ಬೆರಳಿಗೂ ಅಂಟುವ ಆ ಮುಳ್ಳಿನುಂಡೆಯನ್ನು ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿ ಎತ್ತಿ ಎಸೆಯಬೇಕು. ಮಗಳ ಬೂಟಿಗೆ ಒಂದು ಅಂಟಿಕೊಂಡಿತು. ಬಾಚಣಿಗೆಗೆ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಅವಳು ಕೈಗಳೆರಡನ್ನೂ ಜೇಬಿನಲ್ಲಿಟ್ಟುಕೊಂಡೇ ನಡೆದಳು. ಉದ್ಯಾನಕ್ಕೆ ಹೆಸರನ್ನಿತ್ತ ಜೋಷುವಾ ವೃಕ್ಷ ನಿಜವಾಗಿ ಯಕ್ಕಾ ಜಾತಿಯ ಸಸ್ಯ. ಯಕ್ಕಾ ಪತಂಗವೆಂಬ ಚಿಕ್ಕ ಚಿಟ್ಟೆ ಪರಾಗವನ್ನು ಹೊತ್ತು ತಂದು ಹೂವಿನೊಳಗಿಟ್ಟರೆ ಉಂಟು ಕಾಯಿ, ಇಲ್ಲದಿದ್ದರೆ ಇಲ್ಲ. ಆ ಚಿಟ್ಟೆಯ ಮರಿಗಳು ತಿಂದು ಬೆಳೆಯುವುದೂ ಆ ಕಾಯಿಯ ಬೀಜಗಳನ್ನೇ. ಇಷ್ಟು ಒಣ ನೆಲದಲ್ಲಿಯೂ ಒಂದರ ಸಂತಾನವನ್ನು ಇನ್ನೊಂದು ಸಾಕುತ್ತದೆ.

ಅಲ್ಲಿಂದ ಡೆತ್ ವ್ಯಾಲಿಗೆ ಆಂಬಾಯ್, ಕೆಲ್ಸೋ, ಬೇಕರ್ ಎಂಬ ಊರುಗಳ ಮಾರ್ಗವಾಗಿ ಸುಮಾರು 250 ಮೈಲಿ. ದೊಡ್ಡವರಿಗೆ ಐದು ಗಂಟೆಯ ಪ್ರಯಾಣ. ಈ ಕುಟುಂಬಕ್ಕೆ ಒಂದು ಹಗಲೆಲ್ಲ ಹಿಡಿಯಿತು. ಗಂಟೆಗೊಮ್ಮೆ ಕಾರು ನಿಲ್ಲಬೇಕು, ಕೂಸಿಗೆ ಹಾಲೂಡಿಸಬೇಕು, ಮಗಳು ರಸ್ತೆಬದಿಯ ಕಲ್ಲುಗಳನ್ನು ಆರಿಸಬೇಕು. ಪಟ್ಟಿಯ ಎರಡು ಹೆಸರುಗಳು ಆ ದಿನವೇ ಹೊಡೆದುಹೋದುವು.

ಡೆತ್ ವ್ಯಾಲಿ ಎಂದರೆ ಮೃತ್ಯು ಕಣಿವೆ. ವರ್ಷಕ್ಕೆ ಬೀಳುವ ಮಳೆ ಸರಾಸರಿ 2 ಅಂಗುಲ. 1913ರ ಜುಲೈ 10ರಂದು ಅಲ್ಲಿನ ಫರ್ನೇಸ್ ಕ್ರೀಕಿನಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆ ದಾಖಲಾಯಿತು. ಭೂಮಿಯ ಮೇಲೆ ಅಳೆದ ಗಾಳಿಯ ಉಷ್ಣತೆಗಳಲ್ಲೆಲ್ಲ ಅತಿ ಹೆಚ್ಚಿನದೆಂದು ಅಧಿಕೃತ ದಾಖಲೆಗಳು ಇಂದಿಗೂ ಹೇಳುವುದು ಅದನ್ನೇ. ಕಣಿವೆಯ ತಳವಾದ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಅಲ್ಲಿ ನಿಂತು ಕತ್ತೆತ್ತಿ ನೋಡಿದರೆ, ಬೆಟ್ಟದ ಬಂಡೆಯಲ್ಲಿ ಬಹಳ ಮೇಲೆ, ಸಮುದ್ರದ ಮಟ್ಟ ಇದೆಂದು ತೋರಿಸುವ ಬಿಳಿಯ ಫಲಕ ಕಾಣುತ್ತದೆ. "ಹಾಗಾದರೆ ನಾವೀಗ ನೀರಿನಡಿಯಲ್ಲಿದ್ದೇವೆಯೇ?" ಎಂದು ಮಗಳು ಕೇಳಿದಳು. ತಂದೆ ಉತ್ತರ ಹುಡುಕುವಷ್ಟರಲ್ಲಿ ಅವಳು ನೆಲದ ಉಪ್ಪಿಗೆ ಬೆರಳೊತ್ತಿ ನಾಲಗೆಗೆ ಮುಟ್ಟಿಸಿ ಮುಖ ಹಿಂಡಿಯೂ ಆಗಿತ್ತು.

ಹಿತವಾದ ಬಿಸಿಲು, ತೆಳುವಾದ ಗಾಳಿ, ಯಾರಿಗೂ ಬೆವರಿರಲಿಲ್ಲ. ಬೆವರು ಕಾಣದಿರುವುದೇ ಅಲ್ಲಿನ ಮೋಸ. ಒಣಗಾಳಿ ಅದನ್ನು ಮೈಮೇಲೆ ನಿಲ್ಲಗೊಡದೆ ಹೀರಿಬಿಡುತ್ತದೆ. ಕೂಸಿನ ದೇಹದ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚು. ಆದ್ದರಿಂದ ನೀರು ಬೇಗ ಇಂಗುತ್ತದೆ. ಬಾಯಾರಿಕೆಯೆಂದು ಹೇಳಲು ಅದಕ್ಕೆ ಮಾತಿಲ್ಲ. ಮಧ್ಯಾಹ್ನ ಕಾರಿನ ಆಸನದಿಂದ ಮಗನನ್ನೆತ್ತಿಕೊಂಡ ತಾಯಿಯ ಮುಖ ಚಿಕ್ಕದಾಯಿತು. ಬೆಳಿಗ್ಗೆ ಕಟ್ಟಿದ ಡೈಪರು ಇನ್ನೂ ಒಣಗಿಯೇ ಇತ್ತು. ತುಟಿ ಬಿರುಸಾಗಿತ್ತು. ಕಾರಿನ ಜೋಲಿಗೆ ನಿದ್ರೆಹೋಗಿದ್ದ ಕೂಸು ಎರಡು ಸಲ ಹಾಲನ್ನು ಬಿಟ್ಟಿತ್ತು.

ಪಟ್ಟಿಯಲ್ಲಿ ಮುಂದಿನ ಹೆಸರು ಡಾಂಟೀಸ್ ವ್ಯೂ. 5,475 ಅಡಿ ಎತ್ತರದ ಆ ನೆತ್ತಿಯಿಂದ ಕಣಿವೆಯೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. "ಇನ್ನೊಂದು ಗಂಟೆಯ ದಾರಿ" ಎಂದ ಗಂಡ. ಹೆಂಡತಿ ಉತ್ತರ ಕೊಡದೆ ಒಣಗಿದ ಡೈಪರನ್ನು ಅವನ ಕೈಗಿತ್ತಳು. ಅವನು ಮತ್ತೆ ಮಾತನಾಡಲಿಲ್ಲ. ಕಾರನ್ನು ಫರ್ನೇಸ್ ಕ್ರೀಕಿನತ್ತ ತಿರುಗಿಸಿದ. ಅಲ್ಲಿ ಚಿಲುಮೆಯ ನೀರಿನಿಂದ ಬೆಳೆದ ಖರ್ಜೂರದ ತೋಪಿದೆ. ಅದರ ನೆರಳಿನಲ್ಲಿ ಕುಳಿತು ತಾಯಿ ಸ್ವಲ್ಪ ಸ್ವಲ್ಪವಾಗಿ, ಬಿಡದೆ, ಹಾಲೂಡಿಸತೊಡಗಿದಳು.

ಕಾಯುವ ಹೊತ್ತಿನಲ್ಲಿ ತಂದೆ ಮಗಳಿಗೆ ಒಂದು ಕಥೆ ಹೇಳಿದ. ಕಥೆಯಲ್ಲ, ನಡೆದದ್ದು. 1849ರಲ್ಲಿ ಚಿನ್ನದ ಆಸೆಯಿಂದ ಪಶ್ಚಿಮಕ್ಕೆ ಹೊರಟ ಬಂಡಿಗಳ ತಂಡವೊಂದು ಒಳದಾರಿ ಹಿಡಿಯಲು ಹೋಗಿ ಈ ಕಣಿವೆಯಲ್ಲಿ ಸಿಕ್ಕಿಬಿದ್ದಿತು. ಅವರಲ್ಲಿ ಬೆನೆಟ್, ಆರ್ಕನ್ ಎಂಬ ಎರಡು ಮನೆತನದವರಿದ್ದರು. ನಾಲ್ವರು ಸಣ್ಣ ಮಕ್ಕಳು ಜೊತೆಗಿದ್ದರು. ಬಂಡಿ ಮುಂದೆ ಸಾಗದು, ಮಕ್ಕಳು ನಡೆಯಲಾರರು. ತಂಡದ ಇಬ್ಬರು ತರುಣರು, ವಿಲಿಯಂ ಮ್ಯಾನ್ಲಿ ಮತ್ತು ಜಾನ್ ರಾಜರ್ಸ್, ನೆರವು ತರಲೆಂದು ಕಾಲ್ನಡಿಗೆಯಲ್ಲಿ ಹೊರಟರು. ಬೆಟ್ಟಗಳನ್ನು ದಾಟಿ ನೂರಾರು ಮೈಲಿ ನಡೆದು ಜನವಸತಿಯನ್ನು ಮುಟ್ಟಿದ ಮೇಲೆ ಅವರು ಅಲ್ಲಿಯೇ ಉಳಿದುಬಿಡಬಹುದಾಗಿತ್ತು, ಕೇಳುವವರಿರಲಿಲ್ಲ. ಇಪ್ಪತ್ತಾರು ದಿನಗಳ ಬಳಿಕ, ಧಾನ್ಯದ ಮೂಟೆಗಳನ್ನು ಹೇರಿದ ಒಂದು ಹೇಸರಗತ್ತೆಯೊಡನೆ ಅವರು ಕಣಿವೆಗೆ ಹಿಂದಿರುಗಿದರು. ಎರಡು ಅಂಗಿಗಳನ್ನು ಕೂಡಿಸಿ ಹೊಲಿದು ಚೀಲಮಾಡಿ, ಓಲ್ಡ್ ಕ್ರಂಪ್ ಎಂಬ ಸಾಧು ಎತ್ತಿನ ಬೆನ್ನಿಗೆ ಹಾಕಿದರು. ಎರಡು ಬದಿಯ ಚೀಲಗಳಲ್ಲಿ ಚಿಕ್ಕ ಮಕ್ಕಳಿಬ್ಬರು, ಬೆನ್ನ ಮೇಲೆ ದೊಡ್ಡವರಿಬ್ಬರು. ಎತ್ತಿನ ನಡಿಗೆಯೇ ಎಲ್ಲರ ನಡಿಗೆಯಾಯಿತು. ಮಕ್ಕಳು ನಾಲ್ವರೂ ಬದುಕಿ ಹೊರಬಂದರು. ಮ್ಯಾನ್ಲಿ ಇದನ್ನೆಲ್ಲ ಬರೆದ ಪುಸ್ತಕ 1894ರಲ್ಲಿ ಪ್ರಕಟವಾಯಿತು. ಕಣಿವೆಗೆ ಮೃತ್ಯುವಿನ ಹೆಸರು ಬಂದುದು ಆ ತಂಡದಿಂದಲೇ.

"ಎತ್ತಿಗೆ ನೀರು ಸಿಕ್ಕಿತೇ?" ಎಂದಳು ಮಗಳು. "ಸಿಕ್ಕಿತು. ಅದೂ ಪಾರಾಯಿತು."

ಮೃತ್ಯು ಎಂಬುದು ಹೊರಗಿನಿಂದ ಬಂದವರು ಇಟ್ಟ ಹೆಸರು. ಟಿಂಬಿಷಾ ಶೋಶೋನಿ ಜನರಿಗೆ ಈ ಕಣಿವೆ ತಲತಲಾಂತರದ ತವರು. ಬೇಸಗೆಯಲ್ಲಿ ತಂಪಾದ ಬೆಟ್ಟಗಳಿಗೇರಿ, ಚಳಿಗಾಲಕ್ಕೆ ಕೆಳಗಿಳಿದು, ಮೆಸ್ಕೀಟ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟುಮಾಡಿ ಮಕ್ಕಳನ್ನು ಇಲ್ಲಿಯೇ ಬೆಳೆಸಿದರು. 2000ದ ಕಾಯಿದೆಯೊಂದು ಅವರ ನೆಲದ ಒಂದು ಭಾಗವನ್ನು ಅವರಿಗೆ ಮರಳಿಸಿತು. ಫರ್ನೇಸ್ ಕ್ರೀಕಿನಲ್ಲಿ ಅವರ ಹಳ್ಳಿ ಇಂದಿಗೂ ಇದೆ. ಋತುವನ್ನರಿತು ನಡೆದವರಿಗೆ ಅದು ಮನೆ. ಅರಿಯದವರಿಗೆ ಹೇಗೆಂಬುದಕ್ಕೆ ಬಹಳ ಹಿಂದಕ್ಕೆ ಹೋಗಬೇಕಾಗಿಲ್ಲ. 1996ರ ಜುಲೈ ತಿಂಗಳಲ್ಲಿ ಜರ್ಮನಿಯಿಂದ ಬಂದಿದ್ದ ನಾಲ್ವರು ಪ್ರವಾಸಿಗಳು, ಅವರಲ್ಲಿಬ್ಬರು ಬಾಲಕರು, ಬಾಡಿಗೆಯ ಗಾಡಿಯಲ್ಲಿ ಕಚ್ಚಾದಾರಿ ಹಿಡಿದು ಕಾಣೆಯಾದರು. ಚಕ್ರಗಳ ಗಾಳಿಯಿಳಿದ ಗಾಡಿ ಅಕ್ಟೋಬರಿನಲ್ಲಿ ದೊರೆಯಿತು. ದೊಡ್ಡವರ ಅಸ್ಥಿಗಳು ದೊರೆತುದು 2009ರಲ್ಲಿ. ಈ ವಿಷಯ ತಂದೆಗೆ ತಿಳಿದಿತ್ತು. ಅದನ್ನು ಅವನು ಮಗಳಿಗೆ ಹೇಳಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕೂಸು ಕಣ್ಣರಳಿಸಿ ಕಾಲು ಬಡಿಯಿತು. ಡೈಪರು ಒದ್ದೆಯಾಗಿತ್ತು. ಆ ದಂಪತಿಗಳಿಗೆ ಅಂದು ಅದಕ್ಕಿಂತ ದೊಡ್ಡ ಶುಭವಾರ್ತೆ ಬೇರೊಂದಿರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ಅವರು ಮೆಸ್ಕೀಟ್ ಫ್ಲ್ಯಾಟಿನ ಮರಳುದಿಬ್ಬಗಳಿಗೆ ಹೋದರು. ದೊಡ್ಡ ದಿಬ್ಬವೇರುವ ಹಂಬಲವನ್ನು ತಂದೆ ತಾನಾಗಿಯೇ ಕೈಬಿಟ್ಟ. ಅಂಚಿನ ಪುಟ್ಟ ದಿಬ್ಬವೇ ಸಾಕಾಯಿತು. ರಾತ್ರಿಯ ಸಂಚಾರವೆಲ್ಲ ಮರಳಿನ ಮೇಲೆ ಬರೆದಿತ್ತು: ಜೀರುಂಡೆಯ ಹೊಲಿಗೆಯಂಥ ಗೆರೆ, ಕಾಂಗರೂ ಇಲಿ ಕುಪ್ಪಳಿಸಿದ ಜೋಡಿ ಗುರುತು. ಆ ಇಲಿ ನೀರನ್ನೇ ಕುಡಿಯದೆ ಒಣ ಬೀಜಗಳಿಂದಲೇ ಬದುಕಬಲ್ಲದೆಂದು ತಿಳಿದಾಗ ಮಗಳು ತಮ್ಮನ ಕಡೆ ತಿರುಗಿ, "ನೀನು ಇಲಿಯಲ್ಲ. ಹಾಲು ಕುಡಿ" ಎಂದು ಗದರಿದಳು.

ಒಂಬತ್ತರ ಪಟ್ಟಿಯಲ್ಲಿ ಅವರು ಕಂಡುದು ಐದೇ. ಮನೆಗೆ ಹಿಂದಿರುಗಿದ ಮೇಲೆ ಮಗಳು ಪ್ರವಾಸದ ಚಿತ್ರ ಬರೆದಳು. ಅದರಲ್ಲಿ ಉಪ್ಪಿನ ಬಯಲಿರಲಿಲ್ಲ, ಮರಳಿನ ದಿಬ್ಬವಿರಲಿಲ್ಲ. ಒಂದು ಖರ್ಜೂರದ ಮರ, ಅದರಡಿಯಲ್ಲಿ ಒಂದು ಎತ್ತು, ಎತ್ತಿನ ಎರಡು ಬದಿಗೂ ಚೀಲಗಳು. ಒಂದು ಚೀಲದಲ್ಲಿ ಅವಳು, ಇನ್ನೊಂದರಲ್ಲಿ ತಮ್ಮ. ಎತ್ತಿನ ಮುಂದೆ ತುಂಬಿದ ನೀರಿನ ಬಾನಿಯೊಂದನ್ನು ಇಡಲು ಅವಳು ಮರೆತಿರಲಿಲ್ಲ.