ಪೀಣ್ಯದಲ್ಲಿ ಮ್ಯಾಂಬೋ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಹುಡುಗರಿಗೆ ಕ್ಯೂಬಾದ ಸಂಗೀತ ಪರಿಚಯವಾದದ್ದು ಕಾರು ಕದಿಯುವಾಗ. ಗಾಬರಿಯಾಗಬೇಡಿ. ಕಾರೂ ಸುಳ್ಳು, ಕಳ್ಳತನವೂ ಸುಳ್ಳು, ಸಂಗೀತ ಮಾತ್ರ ನಿಜ.

‘ವೈಸ್ ಸಿಟಿ’ ಎಂಬ ಗೇಮು ಬಂದದ್ದು 2002ರಲ್ಲಿ, ಕಂಪ್ಯೂಟರಿಗೆ ಇಳಿದದ್ದು ಮರುವರ್ಷ. ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಕಡೆಯ ಸೈಬರ್ ಸೆಂಟರುಗಳಲ್ಲಿ ಇಂಟರ್‌ನೆಟ್ಟಿಗಿಂತ ಅದಕ್ಕೇ ಗಿರಾಕಿ ಹೆಚ್ಚು. ಮೌಸಿನ ಪಕ್ಕ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಅದರ ತುಂಬ ಬಾಲ್‌ಪೆನ್ನಿನಲ್ಲಿ ಬರೆದ ಚೀಟ್ ಕೋಡುಗಳು. ‘ಪ್ಯಾಂಜರ್’ ಎಂದು ಒತ್ತಿದರೆ ನಡುಬೀದಿಗೆ ಮಿಲಿಟರಿ ಟ್ಯಾಂಕು ಬಂದು ಬೀಳುತ್ತಿತ್ತು. ಕನ್ನಡ ಮೇಷ್ಟ್ರ ಮುಂದೆ ನಾಲ್ಕು ಸಾಲು ಪದ್ಯ ಒಪ್ಪಿಸಲಾರದವರಿಗೂ ಇವೆಲ್ಲ ಬಾಯಿಪಾಠ.

ಗೇಮಿನ ಊರು 1986ರ ಮಯಾಮಿಯ ಪಡಿಯಚ್ಚು. ಕಾರು ಹತ್ತಿದರೆ ಸಾಕು, ರೇಡಿಯೋ ಶುರು. ಅದರಲ್ಲೊಂದು ಸ್ಟೇಷನ್ನು ರೇಡಿಯೋ ಎಸ್ಪಾಂತೋಸೋ, ಅಲ್ಲಿ ಪೆಪೆ ಎಂಬ ಬಾಯಿಬಡುಕ ನಿರೂಪಕ. ಟೀಟೋ ಪುವೆಂಟೆಯ ‘ಮ್ಯಾಂಬೋ ಗೊಸೋನ್’ ಅದರಲ್ಲೇ ಬರುತ್ತಿತ್ತು. 1963ರಲ್ಲಿ ತೀರಿಕೊಂಡ ಕ್ಯೂಬಾದ ಗಾಯಕ ಬೆನ್ನಿ ಮೊರೆ, ನಲವತ್ತು ವರ್ಷದ ಮೇಲೆ ದಾಸರಹಳ್ಳಿಯ ಮಹಡಿಯೊಂದರಲ್ಲಿ ಹಾಡುತ್ತಿದ್ದ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಯಾರೂ ಅದನ್ನೊಂದು ಕೊರತೆ ಅಂದುಕೊಳ್ಳಲಿಲ್ಲ ಅನ್ನಿ.

ಕೆಲವರು ಆ ತಾಳವನ್ನು ನಮ್ಮ ಮಷೀನ್ ಶಾಪಿಗೂ ತಂದರು. ನಮ್ಮಲ್ಲೊಬ್ಬ ಅಪ್ರೆಂಟಿಸ್, ಲೇಥ್ ಓಡುತ್ತಿದ್ದಾಗ ಅಲೆನ್ ಕೀ ಹಿಡಿದು ಟ್ರೇ ಮೇಲೆ ಬಡಿಯುತ್ತ ನಿಂತಿರುತ್ತಿದ್ದ: ಮೂರು ಪೆಟ್ಟು, ಚೂರು ಬಿಡುವು, ಆಮೇಲೆ ಎರಡು. ಕ್ಯೂಬಾದ ಬಹುಪಾಲು ಸಂಗೀತ ನಿಂತಿರುವುದೇ ಕ್ಲಾವೆ ಎಂಬ ಈ ಐದು ಪೆಟ್ಟಿನ ಮೇಲೆ ಅಂತ ಅವನಿಗೇನು ಗೊತ್ತು? ಸೂಪರ್‌ವೈಸರ್ ಬಂದು, “ಏನೋ ಅದು?” ಅಂದರು. “ವೈಸ್ ಸಿಟಿ, ಸಾರ್.” “ಮೊದಲು ಕೂಲಂಟ್ ನೋಡು.”

ಗೇಮು ಮಾಡಿದವರು ಆ ಸ್ಟೇಷನ್ನನ್ನು ಸುಮ್ಮನೆ ಶೋಕಿಗೆ ಇಟ್ಟವರಲ್ಲ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ದೋಣಿ ಹತ್ತಿ ಫ್ಲಾರಿಡಾಕ್ಕೆ ಬಂದಿದ್ದರು. ಅದಕ್ಕೂ ಮುಂಚೆ ಬಂದವರು ಬೇರೆ. ಅವರ ಹಾಡಿಲ್ಲದ ಮಯಾಮಿ ಯಾವ ಮಯಾಮಿ? ಅವರೇ 2008ರಲ್ಲಿ ಇನ್ನೊಂದು ಗೇಮಿಗೆ ನ್ಯೂಯಾರ್ಕನ್ನು ಹೋಲುವ ಊರು ಕಟ್ಟಿದಾಗ ಪೋರ್ಟೊರಿಕೋದ ಗಾಯಕ ಡ್ಯಾಡಿ ಯಾಂಕಿಯನ್ನೇ ನಿರೂಪಕನಾಗಿ ಕೂರಿಸಿದರು. 2013ರಲ್ಲಿ ಲಾಸ್ ಏಂಜಲೀಸಿನ ಸರದಿ; ಆಗ ಮೆಕ್ಸಿಕೋದವರ ಈಸ್ಟ್ ಲಾಸ್ ಎಫ್‌ಎಂ. ಯಾವ ಊರಿಗೆ ಯಾರು ದುಡಿಯಲು ಬಂದರು ಎಂಬುದನ್ನು ಈ ಗೇಮುಗಳ ರೇಡಿಯೋ ಕೇಳಿಯೇ ಹೇಳಬಹುದು. ಬಂದೂಕಿನ ಗಲಾಟೆಗಿಂತ ನನಗೆ ಈ ಲೆಕ್ಕಾಚಾರವೇ ಇಷ್ಟ.

ಪೀಣ್ಯವನ್ನೂ ಹೀಗೇ ಕೇಳಬೇಕು. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆದರೂ ನಮ್ಮ ಶಾಪಿನ ಹಳಬರಿಗೆ ವಿವಿಧ ಭಾರತಿಯೇ ಆಗಬೇಕಿತ್ತು. ಟೂಲ್ ಕ್ರಿಬ್ಬಿನ ಮೇಲೆ ಎಣ್ಣೆ ಮೆತ್ತಿದ ರೇಡಿಯೋ. ಶಿಫ್ಟಿಗೆ ಮೊದಲು ಬಂದವನದೇ ಸ್ಟೇಷನ್. ಈಗ ಆ ಜಗಳವಿಲ್ಲ, ತಲೆಗೊಂದು ಫೋನಿದೆ. ಪ್ಲೇಟಿಂಗ್ ಶೆಡ್ಡಿನಲ್ಲಿ ಭೋಜ್‌ಪುರಿ, ಪಕ್ಕದ ಪೌಡರ್ ಕೋಟಿಂಗಿನಲ್ಲಿ ಒಡಿಯಾ. ಗದಗ, ಹಾವೇರಿ ಕಡೆಯ ಹುಡುಗ ಓಡಿಸುವ ಗೂಡ್ಸ್ ಆಟೋದಲ್ಲಿ ಜಾನಪದ ಡಿಜೆ ಹಾಡು. ಆ ಬೇಸ್‌ಗೆ ಹಿಂದೆ ಪೇರಿಸಿದ ತಗಡೆಲ್ಲ ನಡುಗಬೇಕು. ಪೀಣ್ಯದ ಮೇಲೊಂದು ಗೇಮು ಮಾಡುವವರಿದ್ದರೆ ಸ್ಟೇಷನ್‌ಗಳ ಪಟ್ಟಿ ಅರ್ಧ ದಿನದಲ್ಲಿ ಸಿದ್ಧವಾದೀತು. ರಸ್ತೆಗುಂಡಿಗಳನ್ನು ಮೂಡಿಸಲಿಕ್ಕೇ ವರ್ಷ ಹಿಡಿಯಬಹುದು.

ನಮ್ಮ ಹುಡುಗರು ಅಷ್ಟು ಕಾಯಲಿಲ್ಲ. ವೈಸ್ ಸಿಟಿಯಲ್ಲಿ ‘ಎಂಪಿ3’ ಎಂಬ ಫೋಲ್ಡರ್ ಇತ್ತು. ನಮ್ಮ ಹಾಡುಗಳನ್ನು ಅದಕ್ಕೆ ಸುರಿದರೆ ಅದೇ ಒಂದು ಸ್ಟೇಷನ್ ಆಗುತ್ತಿತ್ತು. 2005ರಲ್ಲಿ ‘ಜೋಗಿ’ ಸಿನಿಮಾ ಬಂದದ್ದೇ ತಡ, ಪೆಪೆ ಮೂಲೆಗೆ ಸರಿದ, ಅದರ ಸಂಗೀತ ನಿರ್ದೇಶಕ ಗುರುಕಿರಣ್ ಬಂದರು. ಹಳ್ಳಿಯಿಂದ ಬೆಂಗಳೂರಿಗೆ ಬಂದು ರೌಡಿಯಾದವನ ಹಾಡು, ಮಯಾಮಿಯ ತಾಳೆಮರಗಳ ಕೆಳಗೆ ಬಿಳಿ ಕಾರಿನಲ್ಲಿ. ಕಥೆಗೆ ಒಪ್ಪುವಂತೆಯೇ ಇತ್ತು. ನನಗೆ ಟೀಟೋ ಪುವೆಂಟೆಯೇ ಇರಲಿ ಅನ್ನಿಸುತ್ತಿತ್ತು. ಆದರೆ ಗಂಟೆಯ ದುಡ್ಡು ಕೊಟ್ಟವನು ಪಕ್ಕದ ಕುರ್ಚಿಯವನು. ನಾನು ಬರೀ ನೋಡಲು ಕೂತವನು.