ಕಡಲು ಬಾಯಿ ತೆರೆದ ಜಾಗ

1809ರ ವಸಂತ. ಸಖಾಲಿನ್‌ನ ಪಡುವಣ ದಡ ಹಿಡಿದು ಬಡಗಣಕ್ಕೆ, ಇನ್ನೂ ಬಡಗಣಕ್ಕೆ ಬಂದ ಜಪಾನೀ ಅನ್ವೇಷಕ ಮಾಮಿಯಾ ರಿಂಜೊನ ದೋಣಿ ನಾನಿಯೊದಲ್ಲಿ ನಿಂತಿತು. ಇಷ್ಟು ದಿನ ಎಡಗಡೆ ಜೊತೆಗೇ ಬರುತ್ತಿದ್ದ ಏಷ್ಯಾದ ನೆಲ ಸರಿದು ಸರಿದು ದೂರವಾಗಿತ್ತು. ಕಿರಿದಾದ ನೀರು ಒಮ್ಮೆಲೇ ಬಾಯಿ ತೆರೆದು ಕಡಲಾಗಿತ್ತು. ದ್ವೀಪ! ಯೂರೋಪಿನ ನಕ್ಷೆಗಾರರು ಭೂಖಂಡಕ್ಕೆ ಅಂಟಿಕೊಂಡ ನೆಲವಿರಬೇಕೆಂದು ಶಂಕಿಸಿದ್ದು ದ್ವೀಪವಾಗಿತ್ತು. ಅಲೆಗಳು ಎದ್ದೆದ್ದು ಬಡಿದವು. ಮುಂದೆ ಹೋಗುವಂತಿರಲಿಲ್ಲ.

ಹಿಂದಿರುಗಿದ. ನೋತೆತೊದಲ್ಲಿ ಅಲ್ಲಿಯ ನಿವ್ಖ್ ಜನರ ಮುಖಂಡ ಕೋನಿಯ ಮನೆ ಸೇರಿದ. ಮೀನು ಹಿಡಿದ, ಸೌದೆ ತಂದ, ಕಾದ. ಕೋನಿ ಕಪ್ಪ ಒಪ್ಪಿಸಲು ಆಚೆ ದಡಕ್ಕೆ ಹೊರಟಾಗ ತಾನೂ ಬರುವೆನೆಂದು ಹಠ ಹಿಡಿದ. ಪರದೇಶಕ್ಕೆ ಕಾಲಿಟ್ಟವನಿಗೆ ಜಪಾನಿನಲ್ಲಿ ಮರಣದಂಡನೆ! ಅದು ಅವನಿಗೆ ಗೊತ್ತಿತ್ತು. ತಾನು ಮರಳದಿದ್ದರೂ ದಾಖಲೆಗಳು ಮರಳಲಿ ಎಂದು ಅವನ್ನು ಹಿಂದುಳಿಯುವವರ ಕೈಗೊಪ್ಪಿಸಿ ದೋಣಿ ಹತ್ತಿದ.

ಜಲಸಂಧಿ ದಾಟಿದರು. ದಡ ಸಿಕ್ಕಿತು, ದಾರಿ ಸಿಗಲಿಲ್ಲ. ದೋಣಿಯನ್ನೇ ಗುಡ್ಡ ದಾಟಿಸಿ ಸರೋವರಕ್ಕಿಳಿಸಿದರು, ಅಲ್ಲಿಂದ ಅಮೂರ್ ನದಿ. ಕೊನೆಗೆ ದೇರೆನ್: ಮರದ ದಿಮ್ಮಿಗಳ ಬೇಲಿ, ಒಳಗೆ ಚೀನಾದ ಚಿಂಗ್ ಸಾಮ್ರಾಜ್ಯದ ಅಧಿಕಾರಿಗಳು, ಹೊರಗೆ ಸೇಬಲ್ ತುಪ್ಪಳ ಹೊತ್ತ ಜನರ ನೂಕುನುಗ್ಗಲು. ಈ ವಿಚಿತ್ರ ಮನುಷ್ಯನನ್ನು ಕಂಡು ಜನ ಮುತ್ತಿದರು, ಎಳೆದಾಡಿದರು. ಅವನನ್ನು ಕಾಪಾಡಿದ್ದು ಅಕ್ಷರ. ಚೀನೀ ಲಿಪಿಯಲ್ಲಿ ಬರೆದು ಬರೆದು ಅಧಿಕಾರಿಗಳೊಡನೆ ಮಾತಾಡಿದ.

ಬದುಕಿ ಬಂದ! ಶಿಕ್ಷೆಯಾಗಲಿಲ್ಲ. ಅವನು ಹೇಳುತ್ತಾ ಹೋದ, ಮುರಕಾಮಿ ತೆಯಿಸುಕೆ ಎಂಬವನು ಬರೆಯುತ್ತಾ, ಚಿತ್ರಿಸುತ್ತಾ ಹೋದ. ಹಾಗೆ ಹುಟ್ಟಿತು 'ತೋದತ್ಸು ಚಿಹೋ ಕಿಕೋ' ಎಂಬ ಸಚಿತ್ರ ಪ್ರವಾಸಕಥನ. ಜಪಾನಿನ ಚಿತ್ರಕಾರರಿಗೆ ಹೆಸರಾಂತ ಬೆಟ್ಟಗಳನ್ನು ಬರೆಯುವ ರೂಢಿ ಕೈಗೆ ಹತ್ತಿತ್ತು. ಪ್ರತಿ ಬೆಟ್ಟಕ್ಕೂ ಒಂದು ಕವಿತೆ, ಒಂದು ನೆನಪು. ಈ ನೆಲಕ್ಕೆ ಕವಿತೆಯೂ ಇಲ್ಲ, ನೆನಪೂ ಇಲ್ಲ. ಹಾಗಾಗಿ ಕುಂಚ ಸಿಂಗಾರ ಬಿಟ್ಟು ಸಾಕ್ಷಿ ನುಡಿಯಿತು: ಬೇಲಿ ಹೇಗಿತ್ತು, ದೋಣಿ ಹೇಗಿತ್ತು, ಜನ ಏನು ತೊಟ್ಟಿದ್ದರು. ನನ್ನ ಕಣ್ಣಿಗೆ ಆ ಚಿತ್ರಗಳ ಬಲವೇ ಅದು. ದೇರೆನ್‌ನ ಒಂದೊಂದು ದಿಮ್ಮಿಯನ್ನೂ ಬರೆದ ಮುರಕಾಮಿ ಅಲ್ಲಿಗೆ ಕಾಲಿಟ್ಟವನಲ್ಲ. ಅವನು ಆ ಬೇಲಿಯನ್ನು ಕಂಡದ್ದು ಎದುರು ಕೂತು ಹೇಳುತ್ತಿದ್ದವನ ಮಾತಿನಲ್ಲಿ.